ಕೂದಲು ಹೇಳಿದ ತಿಂಗಳು

ಒಂದು ಎಳೆ ಕೂದಲನ್ನು ಓದಲು ಕೇಶದರ್ಶಿಗೆ ನಾಲ್ಕು ನಿಮಿಷ ಸಾಕಾಗುತ್ತಿತ್ತು. ಎಳೆಯನ್ನು ಗಾಜಿನ ತಟ್ಟೆಯ ಮೇಲೆ ನೇರವಾಗಿ ಮಲಗಿಸಿ ಮುಚ್ಚಳ ಹಾಕಿದರೆ, ಒಳಗಿನ ಲೇಸರ್ ಕಿರಣ ತುದಿಯಿಂದ ಬುಡದ ಕಡೆಗೆ ಅದನ್ನು ಕಣಕಣವಾಗಿ ಸುಡುತ್ತ ಬರುತ್ತಿತ್ತು. ಆ ಹೊಗೆಯಲ್ಲಿ ಏನೇನಿದೆ ಎಂದು ಪಕ್ಕದ ಪೆಟ್ಟಿಗೆ ಅಳೆದು ಪರದೆಯ ಮೇಲೆ ಗೆರೆಗಳನ್ನು ಎಳೆಯುತ್ತಿತ್ತು. ಕಬ್ಬಿಣದ್ದೊಂದು, ಸೀಸದ್ದೊಂದು, ದೇಹದ ಗ್ರಂಥಿಗಳು ಸ್ರವಿಸುವ ಹಾರ್ಮೋನುಗಳದ್ದು ಆರೇಳು. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಬೆಳೆಯುವಾಗ ರಕ್ತದಲ್ಲಿದ್ದುದನ್ನೆಲ್ಲ ಚೂರುಚೂರು ಒಳಗೆ ಸೇರಿಸಿಕೊಳ್ಳುತ್ತದೆ. ಹಾಗಾಗಿ ಸೊಂಟದವರೆಗಿನ ಜಡೆಯಲ್ಲಿ ಐದಾರು ವರ್ಷಗಳ ವಿವರ ಇರುತ್ತದೆ. ಅದನ್ನು ಹೊತ್ತುಕೊಂಡವರಿಗೇ ಅದು ಗೊತ್ತಿರುವುದಿಲ್ಲ.

ಬಾಗಲಕೋಟೆಯ ತಮ್ಮ ಪ್ರಯೋಗಾಲಯದಲ್ಲಿ ಈ ಯಂತ್ರವನ್ನು ಕಟ್ಟಿದವರು ಡಾ. ಚಿನ್ಮಯಿ ಹೊಸಕೇರಿ. ಸಿಮೆಂಟ್ ಕಾರ್ಖಾನೆಗಳ ಸುತ್ತಲಿನ ಮಕ್ಕಳ ಮೈಯಲ್ಲಿ ಸೀಸ ಎಷ್ಟು ಸೇರಿದೆ ಎಂದು ತಿಳಿಯಲು ಮಾಡಿದ್ದು. ಯಂತ್ರ ಬಂದ ಮೇಲೆ ಜನರಿಗೆ ಬೇರೆ ಬೇರೆ ಆಸೆಗಳು ಹುಟ್ಟಿಕೊಂಡವು. ಮಗ ಕುಡಿಯುತ್ತಾನೆಯೇ, ಬರಲಿರುವ ಸೊಸೆಗೆ ಹಳೆಯ ಕಾಯಿಲೆ ಏನಾದರೂ ಇದೆಯೇ ಎಂದೆಲ್ಲ ತಿಳಿಯಬೇಕೆಂದು ಬಾಚಣಿಗೆಯಿಂದ ನಾಲ್ಕು ಎಳೆ ಕಿತ್ತು ತಂದವರು ಬಾಗಿಲಲ್ಲಿ ಸಾಲು ನಿಂತರು. ಅರ್ಜಿಯ ಕೊನೆಯಲ್ಲಿ 'ಕೂದಲು ಯಾರದೋ ಅವರ ಸಹಿ' ಎಂಬ ಗೆರೆಯೊಂದಿತ್ತು. ಬಹಳ ಸಲ ಅಲ್ಲಿನ ಸಹಿಯೂ ತಂದವರ ಸಹಿಯೂ ಒಂದೇ ಕೈಯದಾಗಿರುತ್ತಿತ್ತು. ಚಿನ್ಮಯಿ ಅದನ್ನು ನೋಡುತ್ತಿದ್ದರು, ನೋಡಿಯೂ ಸುಮ್ಮನಿರುತ್ತಿದ್ದರು. ಮನೆಯವರೇ ತಾನೆ ಎಂದುಕೊಳ್ಳುತ್ತಿದ್ದರು.

೨೦೬೧ರ ಮೇ ತಿಂಗಳ ಒಂದು ಬೆಳಗ್ಗೆ ಗುಳೇದಗುಡ್ಡದಿಂದ ಬಂದ ಸುನಂದಾ ಜವಳಿ ಎಂಬ ಹೆಂಗಸು ತಂದ ಅರ್ಜಿಯೂ ಅಂಥದ್ದೇ. ವಯಸ್ಸು ಐವತ್ತೆರಡು. ಮೊಣಕೈವರೆಗೂ ಚರ್ಮದ ಗೆರೆಗಳಲ್ಲಿ ನೀಲಿ ಇಳಿದುಬಿಟ್ಟಿತ್ತು, ತೊಳೆದರೆ ಹೋಗುವ ನೀಲಿಯಲ್ಲ. ಹೊಳೆಗೆ ರಾಸಾಯನಿಕ ಬಣ್ಣ ಬಿಡಬಾರದೆಂದು ಕಾನೂನಾದ ಮೇಲೆ ಆ ಊರಿನಲ್ಲಿ ಎಲೆಯ ನೀಲಿಯಿಂದ ನೂಲಿಗೆ ಬಣ್ಣ ಹಾಕುವ ಕಸುಬು ಮತ್ತೆ ಜೀವ ಪಡೆದಿತ್ತು. ಅದರಲ್ಲಿ ಎಲ್ಲರೂ ಒಪ್ಪುವ ಕೈ ಈ ಸುನಂದಕ್ಕನದು. ಆಕೆ ಸೆರಗಿನಿಂದ ಕೂದಲಿನ ಉಂಡೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. ಚಿಕ್ಕ ನಿಂಬೆಹಣ್ಣಿನಷ್ಟಿತ್ತು.

"ಇದು ಒಂದು ದಿನದ್ದರಿ" ಎಂದಳು. "ನಮ್ಮ ನೆಗೆಣ್ಣಿ ಪ್ರಣತೀದು. ಬಾಚಿದಾಗೊಮ್ಮೆ ಇಷ್ಟು ಬರತೈತಿ. ಈಗ ಬಾಚೂದs ಬಿಟ್ಟಾಳ."

"ಯಾವಾಗಿಂದ ಉದುರಾಕ ಹತ್ತೇತಿ?"

"ನಾ ಬಣ್ಣಾ ಹಚ್ಚಿದ ಎಂಟs ದಿನಕ್ಕ." ಸುನಂದಕ್ಕ ಉಂಡೆಯ ಕಡೆ ನೋಡುತ್ತ ಮುಂದುವರಿಸಿದಳು. "ಆಕೀ ಅಣ್ಣನ ಮಗಳ ಮದುವಿ ಬಂದಿತ್ರಿ. ತಲ್ಯಾಗ ಬಿಳೀ ಭಾಳ ಕಾಣಸ್ತಾವಕ್ಕಾ ಅಂದ್ಲು. ಪೇಟ್ಯಾಗಿನ ಡಬ್ಬಿ ಯಾಕ, ಮನ್ಯಾಗs ನೀಲಿ ಐತಿ, ಮದರಂಗಿ ಐತಿ, ನಾ ಹಚ್ತೀನಿ ಬಾ ಅಂದೆ. ಹಚ್ಚೂ ಮುಂದ ನನಗ ನೂಲಿಂದs ರೂಢಿ ನೋಡ್ರಿ. ನೂಲಿಗೆ ಮೂರು ಸಲ ಅದ್ದಿ, ಮೂರು ಸಲ ಗಾಳಿಗೆ ಹಿಡದ್ರನs ಬಣ್ಣ ನಿಲ್ಲೂದು. ಆಕೀ ತಲೀಗೂ ಮೂರು ಸಲ ಹಚ್ಚಿದೆ. ಮುಂಜಾನಿಂದ ಮಧ್ಯಾಹ್ನತನಾ ಕುಂದ್ರಿಸೀನಿ. ತಲಿ ಅಂದ್ರ ನೂಲಿನ ಲಡಿ ಅಲ್ಲ ಅನ್ನೂದು ನನಗ ಹೊಳೀಲೇ ಇಲ್ಲ."

ಸುನಂದಕ್ಕನ ಮೈದುನನ ಹೆಂಡತಿ ಪ್ರಣತಿಗೆ ಮೂವತ್ತೆಂಟು. ಈಗ ನಡುನೆತ್ತಿಯಲ್ಲಿ ಚರ್ಮ ಕಾಣುತ್ತದೆ. ಬಚ್ಚಲಿನ ಕನ್ನಡಿಯ ಮೇಲೆ ಟವೆಲ್ ಹಾಕಿದ್ದಾಳೆ. ತಲೆಗೆ ಸದಾ ಹತ್ತಿಯ ವಸ್ತ್ರ ಕಟ್ಟಿಕೊಂಡಿರುತ್ತಾಳೆ, ಮಲಗುವಾಗಲೂ ಬಿಚ್ಚುವುದಿಲ್ಲ. ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದು, ದಿಂಬಿನ ಮೇಲಿನ ಕೂದಲನ್ನು ಗಂಡ ನೋಡುವ ಮುಂಚೆ ಆರಿಸಿ ತೆಗೆಯುತ್ತಾಳೆ. ಅಣ್ಣನ ಮಗಳ ಮದುವೆಗೆ ಜ್ವರವೆಂದು ಹೇಳಿ ಹೋಗಲಿಲ್ಲ. ಇಷ್ಟಾದರೂ ಸುನಂದಕ್ಕನಿಗೆ ಒಂದು ಮಾತೂ ಅನ್ನಲಿಲ್ಲ. "ಇದು ಬಣ್ಣದ್ದಲ್ಲ ಬಿಡ್ರಿ ಅಕ್ಕಾ" ಎಂದಳಂತೆ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು, ಇದನ್ನು ತಡೆದುಕೊಳ್ಳಲು ಆಗಲಿಲ್ಲ ಎಂದಳು ಸುನಂದಕ್ಕ. ಅಂದಿನಿಂದ ಆಕೆ ಬಣ್ಣಕ್ಕೆ ಕೈ ಹಾಕಿಲ್ಲ. ನೀಲಿ ಹುದುಗಿಸುವ ದೊಡ್ಡ ಮಣ್ಣಿನ ಗುಡಾಣ ಬತ್ತಿ ಬಿದ್ದಿದೆ.

"ನನ್ನ ಕೈಲೇ ಆಗಿದ್ರ ಆಗೇತಿ ಅಂತ ಹೇಳಿಬಿಡ್ರಿ" ಎಂದಳು. "ಗುಡಾಣಾ ಒಡದು ಹಾಕ್ತೀನಿ. ಅಲ್ಲಂದ್ರ ಅಲ್ಲನ್ರಿ. ನಡುವ ನಿಂತು ಬದುಕಾಕ ಆಗೂದಿಲ್ಲ."

ಚಿನ್ಮಯಿ ಉಂಡೆಯನ್ನು ಬಿಡಿಸಿ ಹತ್ತು ಎಳೆಗಳನ್ನು ಆರಿಸಿದರು. ಯಂತ್ರಕ್ಕೆ ಕೊಡುವ ಮೊದಲು ಒಂದನ್ನು ದೊಡ್ಡ ಮಸೂರದ ಕೆಳಗಿಟ್ಟು ಸುನಂದಕ್ಕನನ್ನು ಕರೆದರು.

"ಬುಡಾ ನೋಡ್ರಿ. ಬಣ್ಣ ಎಲ್ಲೀತನಾ ಐತಿ?"

"ಪೂರಾ ಬುಡದತನಾ ಐತಿ."

"ನೀವು ಬಣ್ಣ ಹಚ್ಚಿ ಮೂರು ವಾರ ಆತು. ಆಮ್ಯಾಲೆ ಈ ಕೂದಲಾ ಬೆಳದಿದ್ರ?"

ಬಣ್ಣದವಳಿಗೆ ಅದಕ್ಕಿಂತ ಹೆಚ್ಚು ಹೇಳಬೇಕಾಗಿರಲಿಲ್ಲ. ಬೆಳೆದಿದ್ದರೆ ಬುಡದಲ್ಲಿ ಜೋಳದ ಕಾಳಿನಷ್ಟಾದರೂ ಬಿಳಿ ಕಾಣಬೇಕಿತ್ತು. ಇಲ್ಲ. ಅಂದರೆ ಬಣ್ಣ ಬೀಳುವ ಹೊತ್ತಿಗೇ ಈ ಕೂದಲು ಬೆಳೆಯುವುದನ್ನು ನಿಲ್ಲಿಸಿಯಾಗಿತ್ತು. ಚಿನ್ಮಯಿ ವಿವರಿಸಿದರು: ದೇಹಕ್ಕೆ ದೊಡ್ಡ ಪೆಟ್ಟು ಬಿದ್ದಾಗ, ಅದು ಜ್ವರವಿರಬಹುದು, ರಕ್ತ ಹೋಗಿರಬಹುದು, ತಡೆಯಲಾಗದ ದುಃಖವಿರಬಹುದು, ಮೈ ತನ್ನ ಶಕ್ತಿಯನ್ನು ಉಳಿಸಿಕೊಳ್ಳಲು ಕೂದಲಿನ ಬುಡಗಳಿಗೆ ರಜೆ ಕೊಡುತ್ತದೆ. ಬೆಳವಣಿಗೆ ನಿಂತ ಕೂದಲು ತಕ್ಷಣ ಬೀಳುವುದಿಲ್ಲ. ಸುಮಾರು ಮೂರು ತಿಂಗಳು ಅಲ್ಲೇ ನಿಂತಿರುತ್ತದೆ, ಆಮೇಲೆ ಒಟ್ಟಿಗೆ ಉದುರುತ್ತದೆ. ಜನ ಹಿಂದಿನ ವಾರ ಏನು ಮಾಡಿದೆವು ಎಂದು ಹುಡುಕಿ, ಸಿಕ್ಕಿದ ಸೋಪನ್ನೋ ಎಣ್ಣೆಯನ್ನೋ ಬಣ್ಣವನ್ನೋ ಬೈಯುತ್ತಾರೆ.

"ಎಲ್ಲರಿಗೂ ಹಿಂಗs ಅಂತ ಅಲ್ಲ. ಕೆಲವರಿಗೆ ಬಣ್ಣಾ ಒಗ್ಗೂದಿಲ್ಲ, ನೆತ್ತಿ ಸುಟ್ಟು ಕೂದಲಾ ಮುರೀತಾವ. ಆದ್ರ ಇಲ್ಲಿ ಒಂದೂ ಮುರದಿಲ್ಲ. ಇದು ನಿಮ್ಮ ಕೈಯಿಂದ ಆಗಿದ್ದಲ್ಲ."

ಸುನಂದಕ್ಕ ಕುರ್ಚಿಯಲ್ಲಿ ಕುಸಿದು ಕೂತು ಎರಡೂ ನೀಲಿ ಕೈಗಳನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು. ಚಿನ್ಮಯಿಗೂ ಕಣ್ಣು ತುಂಬಿತು. ಒಂದು ಯಂತ್ರ ಕಟ್ಟಿದ್ದಕ್ಕೆ ಇಂಥ ಗಳಿಗೆಗಿಂತ ಹೆಚ್ಚಿನ ಪ್ರತಿಫಲ ಏನಿದೆ ಎಂದುಕೊಂಡರು. ಅಲ್ಲಿಗೇ ನಿಲ್ಲಿಸಬಹುದಿತ್ತು. ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಆದರೆ ಎಳೆಗಳು ಆಗಲೇ ತಟ್ಟೆಯ ಮೇಲಿದ್ದವು, ಮುಚ್ಚಳ ಬಿದ್ದಿತ್ತು, ವಿಜ್ಞಾನಿಗೂ ಕುತೂಹಲವಿತ್ತು. ಚಿನ್ಮಯಿ ಯಂತ್ರ ಚಾಲೂ ಮಾಡಿದರು.

ಚಿನ್ಮಯಿಗೆ ಒಂದು ಹೆಮ್ಮೆಯಿತ್ತು. ಕೇಶದರ್ಶಿ ತನ್ನ ವರದಿಯನ್ನು ಎಂಟನೆಯ ಇಯತ್ತೆ ಓದಿದವರಿಗೂ ಅರ್ಥವಾಗುವ ಕನ್ನಡದಲ್ಲಿ, ದೊಡ್ಡ ಅಕ್ಷರಗಳಲ್ಲಿ ಪರದೆಯ ಮೇಲೆ ತೋರಿಸುತ್ತಿತ್ತು. ವೈದ್ಯರು ಮಾತ್ರ ಓದಬಲ್ಲ ವರದಿಗಳಿಂದ ಬೇಸತ್ತು ಅವರೇ ಮಾಡಿಸಿದ ಏರ್ಪಾಡದು. ಪರದೆಯನ್ನು ತಿರುಗಿಸಲು ಅವರು ಕೈ ಚಾಚುವಷ್ಟರಲ್ಲಿ ಸುನಂದಕ್ಕ ಕಣ್ಣೊರಸಿಕೊಂಡು ಓದಿಯಾಗಿತ್ತು.

'ಗರ್ಭ ನಿಂತಿತ್ತು: ಸುಮಾರು ಹತ್ತು ವಾರ. ಗರ್ಭ ಹೋದದ್ದು: ಜನವರಿ ಎರಡನೆಯ ವಾರ. ಹೆಚ್ಚು ರಕ್ತ ಹೋಗಿದೆ.'

ಸುನಂದಕ್ಕ ಅದನ್ನು ತುಟಿಯಲ್ಲೇ ಎರಡು ಸಲ ಓದಿದಳು. ಪ್ರಣತಿಗೆ ಮದುವೆಯಾಗಿ ಹನ್ನೆರಡು ವರ್ಷ. ಮಕ್ಕಳಾಗಲಿಲ್ಲವೆಂಬ ಮಾತನ್ನು ಆ ಮನೆಯಲ್ಲಿ ಆಡುವುದನ್ನೂ ಬಿಟ್ಟು ಬಹಳ ಕಾಲವಾಗಿತ್ತು.

"ಜನವರಿ ಎರಡನೇ ವಾರ" ಎಂದಳು. "ಅವಾಗ ನಮ್ಮಲ್ಲಿ ಗುಡಾಣಾ ಕಟ್ಟಿದ್ವಿರಿ."

ಚಿನ್ಮಯಿಗೆ ಅರ್ಥವಾಗಲಿಲ್ಲ. ಸುನಂದಕ್ಕ ತನ್ನಷ್ಟಕ್ಕೆ ಹೇಳಿಕೊಳ್ಳುವವಳಂತೆ ಹೇಳಿದಳು. ನೀಲಿಯ ಎಲೆಯನ್ನು ಗುಡಾಣದಲ್ಲಿ ಹುದುಗು ಹಾಕಿದರೆ ಬಣ್ಣ ಹದಕ್ಕೆ ಬರಲು ಹನ್ನೊಂದು ದಿನ ಬೇಕು. ಆ ಹನ್ನೊಂದು ದಿನ ಹೊರಗಾದ ಹೆಂಗಸರು, ಸಾವಿನ ಮನೆಗೋ ಬಾಣಂತಿಯ ಮನೆಗೋ ಹೋಗಿ ಬಂದವರು ಗುಡಾಣದ ಕೋಣೆಯ ಹೊಸ್ತಿಲು ದಾಟಬಾರದು. ದಾಟಿದರೆ ನೀಲಿ ಸಾಯುತ್ತದೆ, ನೀರು ಬರೀ ಕೊಳೆತ ನಾತ ಹೊಡೆಯುತ್ತದೆ ಎಂಬುದು ಬಣ್ಣದವರ ನಂಬಿಕೆ. ಹಿಂದಿನ ಮಳೆಗಾಲದಲ್ಲಿ ಒಂದು ಗುಡಾಣ ಹಾಗೇ ಕೆಟ್ಟಿತ್ತು. ಮನೆಯಲ್ಲಿ ಯಾರೋ ಮುಟ್ಟು ಮುಚ್ಚಿಟ್ಟಿದ್ದಾರೆಂದು ಓಣಿಯೆಲ್ಲ ಆಡಿಕೊಂಡಿತು. ಅದಕ್ಕೇ ಜನವರಿಯಲ್ಲಿ ಸುನಂದಕ್ಕ ಪ್ರತಿದಿನ ಮುಂಜಾನೆ ಹೊಸ್ತಿಲಲ್ಲಿ ನಿಂತು ಪ್ರಣತಿಯನ್ನು ಕೇಳುತ್ತಿದ್ದಳು, "ಹೊರಗ ಆಗಿಲ್ಲಲ್ಲಾ?" ಪ್ರಣತಿ ಪ್ರತಿದಿನ ಇಲ್ಲ ಅನ್ನುತ್ತಿದ್ದಳು. ಆಮೇಲೆ ಒಳಗೆ ಹೋಗಿ ದಿನಕ್ಕೆರಡು ಸಲ ಉದ್ದನೆಯ ಕೋಲಿನಿಂದ ಗುಡಾಣ ತಿರುವುತ್ತಿದ್ದಳು.

"ಆ ಗುಡಾಣಾ ಕೆಟ್ಟಿತೇನು?" ಎಂದು ಚಿನ್ಮಯಿ ಕೇಳಿದರು.

"ಇಲ್ಲರಿ. ಅಂಥಾ ನೀಲಿ ನನ್ನ ಜೀವಮಾನದಾಗ ಬಂದಿಲ್ಲ. ಮಡಿ ಗಟ್ಟಿ ಹಿಡದ್ವಿ, ಅದಕ್ಕs ಬಂತು ಅಂತ ಎಲ್ಲಾರ ಮುಂದ ಹೇಳೀನಿ." ಆಕೆ ಎದ್ದು ನಿಂತಳು. "ಇದನ್ನ ಅಳಸ್ರಿ."

"ಅಳಸ್ತೀನಿ. ಸುನಂದಕ್ಕಾ, ನಾ ನಿಮಗ ತೋರಿಸಬಾರದಿತ್ತು. ಅವರ ಸಹಿ ಇಲ್ದ ಓದಬಾರದಿತ್ತು. ತಪ್ಪು ನಂದು."

"ನಂದೂ ಐತ್ರಿ" ಎಂದು ಹೇಳಿ ಆಕೆ ಹೋದಳು.

ಮಧ್ಯಾಹ್ನ ಮನೆ ಸೇರಿದಾಗ ಪ್ರಣತಿ ಪಡಸಾಲೆಯಲ್ಲಿ ಕೂತು ನೂಲಿನ ಲಡಿ ಬಿಡಿಸುತ್ತಿದ್ದಳು. ಗಂಡಸರು ಕಮತಗಿಗೆ ಹೋಗಿದ್ದರು. ಸುನಂದಕ್ಕ ಎದುರಿಗೆ ಕೂತಳು.

"ಬಣ್ಣದಿಂದ ಆಗಿದ್ದಲ್ಲಂತ."

"ನಾ ಅವತ್ತs ಹೇಳಿದ್ನಲ್ಲಕ್ಕಾ."

"ಬಾಗಲಕೋಟಿಗೆ ಹೋಗಿದ್ದೆ. ನಿನ್ನ ಕೂದಲಾ ಒಯ್ದಿದ್ದೆ. ಅಲ್ಲಿ ಮಷೀನದಾಗ..." ಸುನಂದಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಜನವರಿ ತಿಂಗಳದ್ದು ಗೊತ್ತಾತು."

ಪ್ರಣತಿಯ ಕೈ ನಿಂತಿತು. ಆಕೆಯ ಮುಖದಲ್ಲಿ ಮೊದಲು ಬಂದದ್ದು ಸಿಟ್ಟು. ಹದಿನೈದು ದಿನದಲ್ಲಿ ತಲೆ ಬೋಳಾದರೂ ಬಾರದಿದ್ದ ಸಿಟ್ಟು.

"ನನಗ ಒಂದು ಮಾತು ಕೇಳದ ಒಯ್ದ್ರಿ?"

"ಹೌದು."

"ಕೂದಲಕ್ಕ ಕೇಳಿದ್ರಿ. ನನಗ ಕೇಳಿದ್ರ ನಾ ಹೇಳತಿದ್ದಿಲ್ಲೇನು? ನಾಕು ತಿಂಗಳಾತು, ದಿನಾ ನಿಮ್ಮ ಮಗ್ಗಲದಾಗ ಕುಂತು ಉಂಡೀನಿ. ಮಾರಿ ಬಿಳಚೇತಲ್ಲ, ಯಾಕವಾ ಅಂತ ಒಮ್ಮೆ ಅಂದೀರೇನು?"

"ದಿನಾ ಕೇಳತಿದ್ನೆಲ್ಲ, ಆ ಹನ್ನೊಂದು ದಿನಾ..."

"ಅದು ಗುಡಾಣದ ಸಲುವಾಗಿ ಕೇಳಿದ್ದು. ಹೌದು ಅಂದಿದ್ರ ಏನ್ ಮಾಡತಿದ್ರಿ? ನೀರು ಚೆಲ್ಲಬೇಕಿತ್ತು. ನಾಕು ಮನಿ ಮಗ್ಗಾ ನೂಲಿಲ್ದ ನಿಲ್ಲತಿದ್ವು. ಹಿಂದಿಂದ ಕೆಟ್ಟಿದ್ದೂ ಇಕಿದs ಕೈ ಅಂತಿದ್ರು." ಪ್ರಣತಿ ಲಡಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು. "ಇವರಿಗೂ ಹೇಳಲಿಲ್ಲ. ಇವರಿಗೆ ಹೇಳಿದ್ರ ನಿಮಗ ಹೇಳತಿದ್ರು. ನಿಂತೈತಿ ಅನ್ನೂದs ನನಗ ನಂಬಿಕಿ ಬಂದಿದ್ದಿಲ್ಲಕ್ಕಾ. ನಂಬಿಕಿ ಬರೂದ್ರಾಗs ಹೋತು."

ಸುನಂದಕ್ಕ ಕ್ಷಮಿಸು ಅನ್ನಲಿಲ್ಲ. ಆ ಮಾತು ತುಂಬ ಸಣ್ಣದೆಂದು ಆಕೆಗೆ ಅನಿಸಿತು. ಲಡಿಯನ್ನು ಪ್ರಣತಿಯ ಕೈಯಿಂದ ತೆಗೆದು ಪಕ್ಕಕ್ಕಿಟ್ಟು, ಹತ್ತಿರ ಸರಿದು ಕೂತಳು.

"ಈಗ ಕೇಳ್ತೀನಿ. ನಿನ್ನ ಸಲುವಾಗಿ ಕೇಳ್ತೀನಿ. ಅವತ್ತ ಏನಾತು?"

ಪ್ರಣತಿ ಹೇಳಿದಳು. ಹಿತ್ತಲಿನಲ್ಲಿ ಒಣಹಾಕಿದ್ದ ನೂಲಿನ ಸಾಲಿನ ಹಿಂದೆ ಕೂತಿದ್ದನ್ನು, ಬಟ್ಟೆಯನ್ನು ನೀಲಿಯ ನೀರಿಗೇ ಅದ್ದಿ ಕಲೆ ಮುಚ್ಚಿದ್ದನ್ನು, ಅರ್ಧ ತಾಸಿನ ಮೇಲೆ ಎದ್ದು ಬಂದು ಗುಡಾಣ ತಿರುವಿದ್ದನ್ನು. ಕೋಲು ಅವತ್ತು ಎಷ್ಟು ಭಾರವಾಗಿತ್ತು ಎಂಬುದನ್ನು ಎರಡು ಮೂರು ಸಲ ಹೇಳಿದಳು. ಹೇಳುತ್ತ ಹೇಳುತ್ತ ತಲೆಯ ವಸ್ತ್ರ ಜಾರಿದ್ದು ಆಕೆಯ ಗಮನಕ್ಕೆ ಬರಲಿಲ್ಲ. ಸುನಂದಕ್ಕ ಅದನ್ನು ಸರಿಪಡಿಸಲೂ ಹೋಗಲಿಲ್ಲ.

ಮುಂದಿನ ವಾರ ಪ್ರಣತಿ ತಾನೇ ಬಾಗಲಕೋಟೆಗೆ ಹೋದಳು. ಚಿನ್ಮಯಿಯ ಎದುರು ಕೂತು, ತನ್ನ ಕೂದಲಿನ ವಿವರ ಎಲ್ಲೆಲ್ಲಿದೆಯೋ ಅದನ್ನೆಲ್ಲ ಕಣ್ಣೆದುರಿಗೇ ಅಳಿಸಬೇಕೆಂದಳು. ಪರದೆಯ ಮೇಲಿನದು ಅಂದೇ ಹೋಗಿತ್ತು; ಯಂತ್ರದೊಳಗೆ ಉಳಿದಿದ್ದ ಪ್ರತಿಯನ್ನೂ ಚಿನ್ಮಯಿ ಅಳಿಸಿದರು.

"ಕೂದಲಾ ಮತ್ತ ಬರ್ತಾವೇನ್ರಿ?"

"ಬರ್ತಾವ. ಆರು ತಿಂಗಳು, ವರ್ಷ ಹಿಡೀತೈತಿ. ಕಬ್ಬಿಣದ ಗುಳಿಗಿ ಬಿಡಬ್ಯಾಡ್ರಿ."

"ಬರೂತನಾ ಹಿಂಗs ಇರ್ತೀನಿ" ಎಂದಳು ತಲೆಗೆ ವಸ್ತ್ರ ಕಟ್ಟದೆ ಬಂದಿದ್ದ ಪ್ರಣತಿ. ಬಾಗಿಲವರೆಗೆ ಹೋದವಳು ತಿರುಗಿದಳು. "ಡಾಕ್ಟರ್ರ, ಕೂದಲಾ ತಂದವರನ್ನ ಹೊರಗ ಕುಂದ್ರಿಸ್ರಿ. ಯಾರ ಕೂದಲವೋ ಅವರನ್ನ ಕರದು, ಮೊದಲು ಅವರಿಗೆ ಕೇಳ್ರಿ."

ಅಂದಿನಿಂದ ಪ್ರಯೋಗಾಲಯದ ಪದ್ಧತಿ ಬದಲಾಯಿತು. ಕೂದಲಿನೊಡನೆ ಅದರ ಒಡೆಯರೂ ಬರಬೇಕು. ಅವರೊಬ್ಬರನ್ನೇ ಒಳಗೆ ಕೂರಿಸಿ, ಚಹಾ ಕೊಟ್ಟು, ಮೂರು ನಾಲ್ಕು ತಿಂಗಳ ಹಿಂದೆ ನಿಮಗೇನಾಗಿತ್ತು ಎಂದು ಚಿನ್ಮಯಿ ಕೇಳುತ್ತಿದ್ದರು. ಕೇಳಿ ಕಾಯುತ್ತಿದ್ದರು. ಗುಳೇದಗುಡ್ಡದಲ್ಲಿ ಆಷಾಢ ಕಳೆದ ಮೇಲೆ ಗುಡಾಣ ಮತ್ತೆ ಕಟ್ಟಿದರೆಂದು, ಕೋಣೆಯ ಬಾಗಿಲಲ್ಲಿ ಈಗ ಯಾರನ್ನೂ ತಡೆಯುವುದಿಲ್ಲವೆಂದು ಸುದ್ದಿ ಬಂತು. ಓಣಿಯ ಕೆಲವರು ಆ ಮನೆಯ ನೂಲನ್ನು ಕೊಳ್ಳುವುದು ಬಿಟ್ಟರಂತೆ.

ವರ್ಷದ ಕೊನೆಗೆ, ಯಂತ್ರಕ್ಕೆ ಹಣ ಕೊಟ್ಟಿದ್ದ ಆರೋಗ್ಯ ಇಲಾಖೆಯಿಂದ ಪತ್ರ ಬಂತು. ಮುನ್ನೂರ ಆರು ಜನ ಬಂದಿರುವಲ್ಲಿ ಕೇಶದರ್ಶಿಯನ್ನು ಎಂಬತ್ತೊಂಬತ್ತು ಸಲ ಮಾತ್ರ ಬಳಸಲಾಗಿದೆ, ಯಂತ್ರ ಕೆಟ್ಟಿದೆಯೇ, ಕಾರಣ ತಿಳಿಸಿ ಎಂದಿತ್ತು. ಚಿನ್ಮಯಿ ಉತ್ತರವನ್ನು ಮೂರು ಸಲ ಬರೆದು ಹರಿದರು. ನಾಲ್ಕನೆಯ ಸಲ ಬರೆದದ್ದನ್ನು ಕಳಿಸಿದರು:

'ಯಂತ್ರ ಚೆನ್ನಾಗಿದೆ. ಉಳಿದ ಇನ್ನೂರ ಹದಿನೇಳು ಜನ, ಕೇಳಿದಾಗ ತಾವೇ ಹೇಳಿದರು. ತಮ್ಮನ್ನು ಯಾರಾದರೂ ಹೀಗೆ ಕೇಳಿದ್ದು ಇದೇ ಮೊದಲೆಂದು ಅವರಲ್ಲಿ ಬಹಳ ಜನ ಹೇಳಿದ್ದನ್ನು ಇಲಾಖೆಯ ಗಮನಕ್ಕೆ ತರುತ್ತಿದ್ದೇನೆ. ಈ ವಿಧಾನಕ್ಕೆ ಹೊಸ ಉಪಕರಣ ಯಾವುದೂ ಬೇಕಿಲ್ಲ. ಇದು ನಲವತ್ತು ವರ್ಷಗಳ ಹಿಂದೆಯೂ ಪ್ರತಿಯೊಂದು ಮನೆಯಲ್ಲಿ ಸಾಧ್ಯವಿತ್ತು.'