ಹದಿನಾಲ್ಕು ಅಕ್ಷರದ ಪಾಸ್‌ವರ್ಡ್

"ಅದನ್ನ ತಿದ್ದಿದ್ದು ನಾನಲ್ಲ ಮೇಡಂ! ಆದ್ರೆ ಸಿಸ್ಟಂ ನನ್ನ ಹೆಸರೇ ಹೇಳ್ತಿದೆ."

ಆಸ್ಪತ್ರೆಯ ರಕ್ತಪರೀಕ್ಷೆ ಲ್ಯಾಬಿನ ಮುಖ್ಯಸ್ಥೆ ಪತ್ತೇದಾರಿಕೆ ಮಾಡುವ ನಮ್ಮತ್ತಿಗೆಯ ಎದುರು ಕುಳಿತಿದ್ದರು. ಬಗೆಹರಿಯದ ಕೇಸುಗಳೆಲ್ಲ ಕೊನೆಗೆ ಬಂದು ಸೇರುತ್ತಿದ್ದದ್ದು ಅತ್ತಿಗೆಯ ಹತ್ತಿರವೇ. ಈ ಸಲ ಯಾರೋ ಮುಖ್ಯಸ್ಥೆಯ ಹೆಸರಿನಲ್ಲಿ ರೋಗಿಯೊಬ್ಬರ ರಕ್ತದ ಗುಂಪನ್ನೇ ಬದಲಿಸಿದ್ದರು. ಆಪರೇಷನ್ನಿಗೆ ಮುಂಚೆ ನರ್ಸ್ ಅನುಮಾನಪಟ್ಟು ಇನ್ನೊಮ್ಮೆ ಪರೀಕ್ಷೆ ಮಾಡಿಸಿದ್ದರಿಂದ ಜೀವ ಉಳಿದಿತ್ತು.

"ಪಾಸ್‌ವರ್ಡ್ ಯಾರಿಗಾದ್ರೂ ಹೇಳಿದ್ರಾ?" ಅತ್ತಿಗೆ ಕೇಳಿದರು.

"ಅವತ್ತು ಬೆಳಿಗ್ಗೆ ಹತ್ತಕ್ಕಷ್ಟೇ ಹೊಸದು ಇಟ್ಟಿದ್ದೆ. ಎಲ್ಲೂ ಬರೆದಿಲ್ಲ, ಯಾರ ಹತ್ರಾನೂ ಅದರ ಮಾತೇ ಎತ್ತಿಲ್ಲ."

ತಿದ್ದುಪಡಿ ನಡೆದದ್ದು ಹನ್ನೊಂದಕ್ಕೆ.

ಮುಖ್ಯಸ್ಥೆಯ ಜೊತೆ ಲ್ಯಾಬಿಗೆ ಹೋದಾಗ ಅವರ ಸಹಾಯಕ ಸಿಕ್ಕಿದ. ಅವರ ಒಡಹುಟ್ಟಿದ ತಮ್ಮ. "ಅಕ್ಕ ಅಂಥವಳಲ್ಲ. ಆದ್ರೆ ಹದಿನಾಲ್ಕು ಅಕ್ಷರದ ಪಾಸ್‌ವರ್ಡ್ ಊಹಿಸೋಕೆ ಯಾರಿಂದಾಗುತ್ತೆ? ಕಂಪ್ಯೂಟರ್ ನೋಡ್ಕೊಳ್ಳೋರನ್ನ ಹಿಡೀರಿ," ಎಂದ.

ಕಂಪ್ಯೂಟರ್ ಉಸ್ತುವಾರಿಯನ್ನು ಕರೆಸಿದೆವು. "ಮೇಲ್ ತೆಗೆಯೋಕೂ ಅದೇ ಪಾಸ್‌ವರ್ಡ್, ಮೇಡಂ. ಮೇಲ್ ಸರ್ವರ್ ಅದನ್ನ ಸಿಸ್ಟಂ ಪಾಸ್‌ವರ್ಡ್ ಜೊತೆ ತಾಳೆ ನೋಡಿ ಒಳಗೆ ಬಿಡುತ್ತೆ."

"ತಂತಿಯಲ್ಲಿ ಅದು ಗೂಢಲಿಪಿಯಲ್ಲೇ ಹೋಗುತ್ತಾ?"

ಅವನು ತಲೆತಗ್ಗಿಸಿದ. "ಸ್ಟೋರಿನ ಹಳೇ ಕಂಪ್ಯೂಟರಿಗೆ ಅದು ಆಗಲ್ಲ. ಅದಕ್ಕೇ ಗೂಢಲಿಪಿ ಇಲ್ದೆ ಹಾಗೇ ಬರಲಿ ಅಂತ ಬಿಟ್ಟಿದ್ದೆ."

ಹತ್ತೂವರೆಗೆ ಮುಖ್ಯಸ್ಥೆ ಮೇಲ್ ನೋಡಿದ್ದು ಆ ಕಂಪ್ಯೂಟರಿನಲ್ಲೇ. ಅದರ ತಂತಿಯನ್ನು ಗೋಡೆಗುಂಟ ಹಿಂಬಾಲಿಸಿದೆವು. ಅದು ಹಾದುಹೋಗಿದ್ದು ತಮ್ಮನ ಬೀರುವಿನ ಹಿಂದಿನಿಂದ. ಅಲ್ಲಿ ಬೆಂಕಿಪೊಟ್ಟಣದಷ್ಟು ಪುಟ್ಟ ಯಂತ್ರವೊಂದನ್ನು ತಂತಿಯ ನಡುವೆ ಸಿಕ್ಕಿಸಲಾಗಿತ್ತು.

ಮಧ್ಯಾಹ್ನ ಅತ್ತಿಗೆ ಎಲ್ಲರನ್ನೂ ಕೂರಿಸಿದರು. "ಪಾಸ್‌ವರ್ಡನ್ನ ಯಾರೂ ಊಹಿಸಲಿಲ್ಲ. ಯಾರು ಬೇಕಾದ್ರೂ ಓದೋ ಹಾಗೆ ತಂತಿಯಲ್ಲಿ ಹೋಗ್ತಿತ್ತು, ನಡುವೆ ಕೂತವರು ಓದಿಕೊಂಡ್ರು. ಮೇಲಿಗೂ ಸಿಸ್ಟಮ್ಮಿಗೂ ಒಂದೇ ಕೀಲಿ, ಹಾಗಾಗಿ ಎಲ್ಲ ಬಾಗಿಲೂ ತೆರೀತು. ಮೇಡಂ, ನಿಮ್ಮ ಪಾಸ್‌ವರ್ಡಿನಲ್ಲಿ ಎಷ್ಟು ಅಕ್ಷರ?"

"ಹದಿನಾಲ್ಕು..." ಎಂದವರು ತಟ್ಟನೆ ತಮ್ಮನ ಕಡೆ ತಿರುಗಿದರು. "ಆಗ್ಲೇ ನೀನೂ ಹದಿನಾಲ್ಕು ಅಂದ್ಯಲ್ಲ, ನಿಂಗೆ ಹೇಗೆ ಗೊತ್ತಾಯ್ತೋ?"

"ನಿನ್ನ ಹೆಸರು ಕೆಡ್ಲಿ, ಆ ಕುರ್ಚಿ ನಂಗೆ ಸಿಗ್ಲಿ ಅಂತ ಅಷ್ಟೇ ಅಕ್ಕಾ. ಯಾರನ್ನೂ ಸಾಯಿಸೋಕಲ್ಲ."

"ರೋಗಿ ಯಾರು ಅಂತಾದ್ರೂ ನೋಡಿದ್ಯಾ?" ಅಕ್ಕ ಕೇಳಿದರು.

ಅವನು ಇಲ್ಲವೆಂದು ತಲೆಯಾಡಿಸಿದ.

"ಏಳು ವರ್ಷದ ಮಗು ಕಣೋ."

ಉಸ್ತುವಾರಿ ಎದ್ದುಹೋಗಿ ಆ ಹಳೇ ಕಂಪ್ಯೂಟರಿನ ತಂತಿ ಕಿತ್ತ. ಗೂಢಲಿಪಿಯಿಲ್ಲದೆ ಬಂದವರನ್ನು ಮೇಲ್ ಸರ್ವರ್ ಇನ್ನು ಪಾಸ್‌ವರ್ಡ್ ಕೇಳುವ ಮೊದಲೇ ಹೊರಗಟ್ಟುವಂತೆ ಮಾಡಿದ.

ಪೊಲೀಸರಿಗೆ ಯಾರು ಫೋನ್ ಮಾಡುವುದೆಂದು ನಾವು ಮುಖಮುಖ ನೋಡಿಕೊಳ್ಳುತ್ತಿದ್ದೆವು. ಅಷ್ಟರಲ್ಲಿ ಅಕ್ಕನೇ ರಿಸೀವರ್ ಎತ್ತಿಕೊಂಡರು.