ಐದು ಸ್ವಿಚ್ಚು, ನಾಲ್ಕು ಸೌಂಡು

ಪ್ರಾಕ್ಟೀಸಿನಲ್ಲಿ ಎರಡನೇ ಹಾಡು ಶುರುವಾಗುತ್ತಿದ್ದಂತೆ ಮಂಜುಶ್ರೀ ಅತ್ತೆಯ ಗಿಟಾರು ಕಿರುಚಿತು.

ಅದು ಜೋಗುಳದಂಥ ಮೆತ್ತನೆಯ ಹಾಡು. ಗಿಟಾರು ಮಾತ್ರ ಲಾರಿ ಬ್ರೇಕ್ ಹಾಕಿದ ಹಾಗೆ ಕೂಗಿತ್ತು. ಹಾಡುವವರು ನಿಲ್ಲಿಸಿದರು. ಕೀಬೋರ್ಡಿನ ಮುಂದಿದ್ದ ಶಶಿಧರ್ ಕೈ ಎತ್ತಿದರು. ಮದ್ದೂರಿನ ಆ ಆರ್ಕೆಸ್ಟ್ರಾ ಅವರದೇ.

“ಏನಮ್ಮ ಮಂಜುಶ್ರೀ, ಮತ್ತೆ ಅದೇ ಆಯ್ತಲ್ಲ?”

“ಕೇಬಲ್ ಲೂಸ್ ಆಗದೆ ಅನ್ಸುತ್ತೆ ಅಣ್ಣ,” ಎಂದು ಅತ್ತೆ ಬಗ್ಗಿ ವೈರು ಅಲ್ಲಾಡಿಸಿದಳು.

“ನಾಳೆ ಸಂಜೆ ಮಳವಳ್ಳಿಲಿ ರಿಸೆಪ್ಷನ್ನು. ಇದು ಸರಿಯಾಗ್ನಿಲ್ಲ ಅಂದ್ರೆ ಬೇರೆ ಗಿಟಾರ್‌ನೋರ್ನ ಕರೀಬೇಕಾಯ್ತದೆ. ಬೇಜಾರು ಮಾಡ್ಕಬೇಡ.”

ಮೂಲೆಯ ಕುರ್ಚಿಯಲ್ಲಿ ಕೂತಿದ್ದ ದೀಪಿಕ ತಲೆ ತಗ್ಗಿಸಿದಳು.

ಅತ್ತೆ ಅಂದರೆ ಅವಳ ಅಪ್ಪನ ತಂಗಿ. ಕಾಲೇಜಿನ ಆಫೀಸಿನಲ್ಲಿ ಕೆಲಸ. ಅತ್ತೆಯ ಹತ್ತಿರ ಒಂದು ಪ್ರೊಸೆಸರ್ ಇತ್ತು. ಗಿಟಾರಿನ ದನಿಯನ್ನು ಮೆತ್ತಗೆ, ಗಡುಸಾಗಿ, ಬಾವಿಯೊಳಗಿಂದ ಬಂದ ಹಾಗೆ, ಹೇಗೆ ಬೇಕೋ ಹಾಗೆ ಬದಲಿಸುವ ಪೆಟ್ಟಿಗೆ ಅದು. ಹೋದ ವಾರ ಅದಕ್ಕೊಂದು ಸ್ವಿಚ್ಚುಗಳ ಹಲಗೆ ಬಂದಿತ್ತು. ಕಾಲಿನಿಂದ ಹಲಗೆಯ ಸ್ವಿಚ್ ಒತ್ತಿದರೆ ಪೆಟ್ಟಿಗೆ ಸೌಂಡ್ ಬದಲಿಸಬೇಕು.

ಗುರುವಾರ ಅತ್ತೆ ಕೆಲಸಕ್ಕೆ ಹೋಗಿದ್ದಾಗ ದೀಪಿಕ ಆ ಸ್ವಿಚ್ಚುಗಳನ್ನೆಲ್ಲ ಒತ್ತಿದ್ದಳು. ಕೆಂಪು ದೀಪ, ಹಸಿರು ದೀಪ ಮಿನುಗಿದ್ದು ನೋಡಿ ಇನ್ನೊಂದು ಸಲ ಒತ್ತಿದ್ದಳು. ಯಾರಿಗೂ ಹೇಳಿರಲಿಲ್ಲ.

ತಮ್ಮೂರು ಭಾರತೀನಗರಕ್ಕೆ ವಾಪಸ್ ಹೊರಟ ಬಸ್ಸು ಕಬ್ಬಿನ ಲಾರಿಗಳ ಹಿಂದೆ ತೆವಳುತ್ತಿತ್ತು. ಅತ್ತೆ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ದೀಪಿಕ ಹೇಳಿಬಿಡಬೇಕೆಂದು ಎರಡು ಸಲ ಬಾಯಿ ತೆರೆದಳು. ಒಂದು ಸಲ ಟೈಮ್ ಎಷ್ಟು ಎಂದು ಕೇಳಿದಳು. ಇನ್ನೊಂದು ಸಲ ಸುಮ್ಮನೆ ಆಕಳಿಸಿದಳು.

ಮನೆಗೆ ಬಂದು ಅತ್ತೆ ಎಲ್ಲವನ್ನೂ ಮತ್ತೆ ಜೋಡಿಸುವಾಗ ದೀಪಿಕ ಬಾಗಿಲಲ್ಲೇ ನಿಂತಳು.

“ಅತ್ತೆ, ನಾನೇ ಕೆಡಿಸ್ದೆ. ಗುರುವಾರ ಎಲ್ಲಾ ಸ್ವಿಚ್ಚೂ ಒತ್ಬುಟ್ಟೆ.”

ಅತ್ತೆ ಕೈಯಲ್ಲಿದ್ದ ವೈರನ್ನು ಕೆಳಗಿಟ್ಟಳು.

“ಬಾ ಇಲ್ಲಿ,” ಎಂದಳು. “ಕೇಬಲ್ ಏನೂ ಲೂಸಾಗಿಲ್ಲ. ಶಶಿಯಣ್ಣ ಇದನ್ನ ಬಳಸಕ್ಕೆ ಬತ್ತದಾ ಅಂತ ಕೇಳ್ದಾಗ ಬತ್ತದೆ ಅಂದ್ಬುಟ್ಟೆ. ನಂಗೂ ಇದು ಪೂರಾ ಗೊತ್ತಿಲ್ಲ ಕಣವ್ವ.”

“ಮತ್ತೀಗ?”

“ನೀನು ಒತ್ತು. ಯಾವ್ದಕ್ಕೆ ಯಾವ್ದು ಬತ್ತದೆ ಅಂತ ಬರ್ಕೊಳುವ.”

ದೀಪಿಕ ರಫ್ ನೋಟ್‌ಬುಕ್ಕಿನ ಕೊನೆಯ ಹಾಳೆ ತೆರೆದಳು. ಅತ್ತೆ ವಿವರಿಸಿದಳು. ಪೆಟ್ಟಿಗೆಯ ಸೌಂಡುಗಳಿಗೆಲ್ಲ ಒಂದು, ಎರಡು ಎಂದು ಸಾಲಾಗಿ ನಂಬರು; ಅಂಥ ನಾಲ್ಕು ಸೌಂಡು ಸೇರಿದರೆ ಒಂದು ಬ್ಯಾಂಕು. ಒಂದು ಹಾಡಿಗೆ ಒಂದು ಬ್ಯಾಂಕು. ಹಲಗೆಯ ತುದಿಯಲ್ಲಿರುವ ಬಾಣದ ಸ್ವಿಚ್ ಒತ್ತಿದರೆ ಮುಂದಿನ ಬ್ಯಾಂಕು.

ಮೊದಲ ಬ್ಯಾಂಕಿನಲ್ಲಿ ನಾಲ್ಕೂ ಸರಿಯಾಗಿ ಬಂದವು. ಎರಡನೇ ಬ್ಯಾಂಕಿನಲ್ಲಿ ಒಂದನ್ನು ಒತ್ತಿದರೆ ಎರಡನೇ ಸೌಂಡು ಬಂತು. ಮೂರನೇ ಬ್ಯಾಂಕಿನಲ್ಲಿ ಒಂದನ್ನು ಒತ್ತಿದರೆ ಮೂರನೆಯದು.

“ಒಂದೊಂದು ಬ್ಯಾಂಕಿಗೂ ಒಂದೊಂದು ಜಾಸ್ತಿ ಓಯ್ತಾ ಅದೆ ಅತ್ತೆ.”

ದೀಪಿಕ ಬಾಣದ ಸ್ವಿಚ್ ಬಿಟ್ಟು ಉಳಿದವನ್ನು ಎಣಿಸಿದಳು. ಐದಿದ್ದವು.

“ಈ ಐದನೇದು ನೀನು ಯಾಕೆ ಒತ್ತಲ್ಲ?”

“ಪೆಟ್ಗೆ ಬ್ಯಾಂಕಲ್ಲಿರೋದು ನಾಲ್ಕೇ ಅಲ್ವಾ. ಅದು ಬ್ಯಾಡ ಅಂತ ಬುಟ್ಟೆ.”

ಹಲಗೆಯನ್ನು ಮೊದಲ ಬ್ಯಾಂಕಿಗೆ ವಾಪಸ್ ತಂದು ದೀಪಿಕ ಅದನ್ನು ಒತ್ತಿದಳು. ಅತ್ತೆ ತಂತಿ ಮೀಟಿದಳು. ಎರಡನೇ ಹಾಡಿನ ಮೊದಲ ಸೌಂಡು, ಬೆಳಗಿನಿಂದ ಹುಡುಕುತ್ತಿದ್ದ ಮೆತ್ತನೆಯ ಸೌಂಡು, ಅಲ್ಲಿ ಕೂತಿತ್ತು.

“ಅತ್ತೆ, ಅಲಗೆ ಐದರ ಮಗ್ಗಿ ಯೋಳ್ತದೆ. ಪೆಟ್ಗೆ ನಾಲ್ಕರ ಮಗ್ಗಿ ಯೋಳ್ತದೆ. ಒಂದು ಬ್ಯಾಂಕಿಗೆ ಅದು ಐದು ಎಣಿಸ್ತದೆ, ಇದು ನಾಲ್ಕೇ. ಅದ್ಕೇ ತಪ್ಪೋಯ್ತಾ ಇರೋದು.” ದೀಪಿಕ ಉಸಿರು ಬಿಟ್ಟಳು. “ನಾನು ಒತ್ತಿದ್ದಕ್ಕಲ್ಲ.”

“ನೀನು ಒತ್ತಿದ್ದಕ್ಕಲ್ಲ ಕಣವ್ವ,” ಎಂದು ಅತ್ತೆ ನೆಲದ ಮೇಲೆ ಕೂತೇಬಿಟ್ಟಳು.

ಆಮೇಲೆ ಇಬ್ಬರೂ ಪೆಟ್ಟಿಗೆಯೊಳಗಿನ ಸೌಂಡುಗಳನ್ನು ಜರುಗಿಸಿದರು. ಐದನೇ ಜಾಗ ಖಾಲಿ ಬಿಟ್ಟು ಎರಡನೇ ಹಾಡನ್ನು ಆರರಿಂದ ಇಟ್ಟರು. ಹತ್ತು ಖಾಲಿ. ಮೂರನೇ ಹಾಡು ಹನ್ನೊಂದರಿಂದ. ದೀಪಿಕ ನಂಬರ್ ಓದುತ್ತಾ ಹೋದಳು, ಅತ್ತೆ ಸೇವ್ ಮಾಡಿದಳು. ಅತ್ತೆಯ ಅಮ್ಮ ಅಂಕಮ್ಮಜ್ಜಿ ಊಟಕ್ಕೆ ಎರಡು ಸಲ ಕರೆದು, ಕೊನೆಗೆ ಮುದ್ದೆಯ ತಟ್ಟೆಗಳನ್ನು ಅಲ್ಲಿಗೇ ತಂದಿಟ್ಟಳು.

ಮರುದಿನ ಮಳವಳ್ಳಿಯ ಛತ್ರದಲ್ಲಿ ಜನ ಬರುವ ಮೊದಲು ಶಶಿಧರ್ ಎರಡನೇ ಹಾಡು ನುಡಿಸಲು ಹೇಳಿದರು. ಅತ್ತೆ ಬಾಣ ಒತ್ತಿ, ಒಂದನ್ನು ಒತ್ತಿದಳು. ಗಿಟಾರು ಮೆತ್ತಗೆ ಹಾಡಿತು. ಮೂರನೇ ಹಾಡೂ ಸರಿಯಾಗಿ ಬಂತು.

“ಚೆನ್ನಾಗದೆ. ಕೇಬಲ್ ಬದಲಾಯಿಸ್ದಾ?” ಎಂದರು ಶಶಿಧರ್.

ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅತ್ತೆ ಗಿಟಾರಿನ ಪಟ್ಟಿಯನ್ನು ಹೆಗಲ ಮೇಲೆ ಸರಿಮಾಡಿಕೊಂಡಳು.

“ಇಲ್ಲಣ್ಣ, ಕೇಬಲ್ ಸರಿಯಾಗೇ ಇತ್ತು. ನಂಗೇ ಬಳಸಕ್ಕೆ ಗೊತ್ತಿರ್ನಿಲ್ಲ. ನಮ್ಮ ದೀಪಿಕ ಕಂಡಿಡಿದ್ಲು.”

ದೀಪಿಕ ಅತ್ತೆಯ ಮುಖ ನೋಡಿದಳು. ಬಸ್ಸಿನಲ್ಲಿ ತನ್ನ ಬಾಯಿಂದ ಹೊರಡದೇ ಹೋದ ಮಾತು ಎಷ್ಟು ಭಾರವಿತ್ತೆಂದು ಅವಳಿಗೆ ಗೊತ್ತಿತ್ತು. ಅತ್ತೆಯದೂ ಅಷ್ಟೇ ಭಾರವಿದ್ದಿರಬೇಕು.

ಶಶಿಧರ್ ಹಲಗೆಯ ಪಕ್ಕ ಮಂಡಿಯೂರಿ ಕೂತರು. ಆಮೇಲೆ ದನಿ ತಗ್ಗಿಸಿ, “ಎಂಗವ್ವ ಅದು? ನಂಗೂ ತೋರ್ಸು. ನಾನೂ ಇಂಥದೊಂದು ತಂದು, ತಲೆಬುಡ ಗೊತ್ತಾಗ್ದೆ ಮೂಲೆಗಾಕಿವ್ನಿ,” ಎಂದರು.

ನಿನ್ನೆ ಅಷ್ಟೆತ್ತರ ಕಂಡಿದ್ದ ಶಶಿಧರ್ ಈಗ ದೀಪಿಕಳಷ್ಟೇ ಎತ್ತರ ಇದ್ದರು. ಅವಳೂ ಪಕ್ಕದಲ್ಲಿ ಕೂತಳು.

“ಮೊದ್ಲು ಐದನ್ನೂ ಒತ್ತಿ ನೋಡಿ ಮಾಮ,” ಎಂದಳು.