ನಾಲ್ಕನೆಯ ಪ್ರತಿ

ಬಾಗಿಲು ಇನ್ನೆರಡು ಏಟು ತಾಳಿದರೆ ಹೆಚ್ಚು.

"ತೆಗೀರಿ ಮೇಡಂ! ಒಡೀತೀವಿ!"

ಒಡೀರಿ ಎಂದುಕೊಂಡೆ. ನಮ್ಮ ಪತ್ರಿಕೆಯ ಆಫೀಸು, ಹೆಂಗಸರ ಟಾಯ್ಲೆಟ್. ವಾಶ್‌ಬೇಸಿನ್‌ನಲ್ಲಿ ಮೂರು ಹಾಳೆ. ಎರಡು ಸುಟ್ಟಿದ್ದವು. ಮೂರನೆಯದು ಹಟಮಾರಿ... ಮೂಲೆ ಹತ್ತಿಕೊಂಡು ಆರಿಹೋಗುತ್ತಿತ್ತು. ಲೈಟರ್ ನಾಲ್ಕು ಸಲ ಕೈಕೊಟ್ಟಿತು.

ಐದನೆಯ ಸಲ ಹತ್ತಿತು!

ಬೂದಿಯನ್ನು ಕಮೋಡಿಗೆ ಸುರಿದು ಫ್ಲಶ್ ಎಳೆದೆ. ಅದೇ ಹೊತ್ತಿಗೆ ಚಿಲಕ ಕಿತ್ತು ಬಂತು.

"ಸುಟ್ರಾ?" ತನಿಖಾಧಿಕಾರಿ ಮೂಗೆಳೆದುಕೊಂಡ. ಹಿಂದೆ ಇಬ್ಬರು ಪೊಲೀಸರು.

"ಸಿಗರೇಟು."

"ಸೇದೋರ ಮುಖ ಅಲ್ಲಮ್ಮ ನಿಮ್ದು. ಬನ್ನಿ."

ನಡೆದದ್ದಿಷ್ಟು. ನಗರದ ಕುಡಿಯುವ ನೀರಿನಲ್ಲಿ ಸೀಸ ಇದೆ. ಸರ್ಕಾರಕ್ಕೆ ನಾಲ್ಕು ತಿಂಗಳಿಂದ ಗೊತ್ತಿದೆ. ಆ ಗುಪ್ತ ವರದಿಯನ್ನು ನನ್ನ ಕೈಗಿತ್ತವರು ನೀರು ಪರೀಕ್ಷಿಸುವ ಲ್ಯಾಬಿನ ಅಕ್ಕ. "ಹೆಸರು ಹೊರಬಿದ್ರೆ ಜೈಲು ಕಣೇ. ಮನೇಲಿ ದುಡಿಯೋಳು ನಾನೊಬ್ಳೇ" ಎಂದಿದ್ದರು.

"ನನ್ನ ಬಾಯಿಂದ ಬರಲ್ಲಕ್ಕ" ಎಂದಿದ್ದೆ.

ಇವತ್ತು ಬೆಳಿಗ್ಗೆ ಮುಖಪುಟದಲ್ಲಿ ಸುದ್ದಿ. ಹನ್ನೊಂದಕ್ಕೆ ಪೊಲೀಸರು.

ಅಧಿಕಾರಿ ನನ್ನ ಮೇಜಿನ ಮೇಲೆಯೇ ಕುಳಿತ. "ಸುಟ್ರೆ ಸುಡಿ. ಒಂದು ಗುಟ್ಟು ಹೇಳ್ಲಾ? ಆ ವರದಿ ಏಳು ಜನಕ್ಕೆ ಹೋಗಿತ್ತು. ಏಳು ಪ್ರತೀಲೂ ಒಂದೊಂದು ಕಾಗುಣಿತದ ತಪ್ಪು. ಬೇಕಂತಲೇ! ಒಂದರಲ್ಲಿದ್ದದ್ದು ಇನ್ನೊಂದರಲ್ಲಿಲ್ಲ."

ಸುಟ್ಟ ಮೂರು ಹಾಳೆಯನ್ನೂ ಮನಸ್ಸಿನಲ್ಲೇ ಮತ್ತೆ ಓದಿದೆ.

ನಾಲ್ಕನೆಯ ಪ್ರತಿ ಅಕ್ಕನದು, ಮೂಲೆಯಲ್ಲೇ ನಂಬರಿತ್ತು. ಅದರಲ್ಲಿ 'ಬಾಧಿತ' ಎಂಬುದು 'ಭಾದಿತ' ಎಂದಿತ್ತು. ಇದ್ದದ್ದನ್ನು ಇದ್ದ ಹಾಗೇ ಟೈಪ್ ಮಾಡುವುದು ನನ್ನ ಅಭ್ಯಾಸ. ಮಾಡಿದ್ದೆ. ಅದು ಪ್ರೂಫ್ ಹಾಳೆಯಾಗಿ ಕರಡು ತಿದ್ದುವ ಅಣ್ಣನ ಕೈಗೆ ಹೋಗಿತ್ತು. ಅವರು ಕೆಂಪಿನಲ್ಲಿ ತಿದ್ದಿದ್ದರು. ಅಚ್ಚಾದದ್ದು ಸರಿಯಾದ ಪದ.

ಆದರೆ ಆ ಪ್ರೂಫ್ ಹಾಳೆ?

ಬಾಯಿಂದ ಬರಲಿಲ್ಲ. ಬೆರಳಿಂದ ಬಂದಿತ್ತು!

ಮೂಲೆಯ ಕುರ್ಚಿಯಲ್ಲಿ ಅಣ್ಣ ಕುಳಿತಿದ್ದರು. ಕೊಂಬಣ್ಣ ಎಂದೇ ಕರೆಯುತ್ತೇವೆ. ಅಕ್ಷರಕ್ಕೊಂದು ಕೊಂಬು ಬಿಟ್ಟರೆ ಸಂಪಾದಕರನ್ನೂ ನಿಲ್ಲಿಸಿ ಬೈಯುವ ಮನುಷ್ಯ. ಮೂವತ್ತು ವರ್ಷದಿಂದ ಸರ್ಕಾರಿ ಪ್ರಕಟಣೆಗಳನ್ನು ತಿದ್ದಿ ತಿದ್ದಿ ಕಣ್ಣು ಮಂಜಾಗಿದೆ.

"ಏನ್ರೀ ಯಜಮಾನ್ರೇ, ಕಂಪ್ಯೂಟರ್ ಮುಟ್ಬೇಡಿ!"

"ಒಂದು ಗಂಟೇಲಿ ಪುರವಣಿ ಪುಟ ಹೋಗ್ಬೇಕು ಸ್ವಾಮಿ. ನಿಲ್ಸಿದ್ದು ನೀವು ಅಂತ ನಾಳೆ ಹೆಡ್‌ಲೈನ್ ಹಾಕ್ಲಾ?"

ಅಧಿಕಾರಿ ಕೈಬೀಸಿದ. "ಬಡ್ಕೊಳ್ಳಿ."

ಪೊಲೀಸರು ನನ್ನ ಡ್ರಾಯರ್ ಬುಡಮೇಲು ಮಾಡಿದರು. ಬ್ಯಾಗು, ಡೈರಿ, ಊಟದ ಡಬ್ಬಿ... ಎಲ್ಲ. ಹದಿನೈದು ನಿಮಿಷ. ಅಣ್ಣನ ಕೀಬೋರ್ಡು ಟಕಟಕ ಎನ್ನುತ್ತಲೇ ಇತ್ತು. ಪ್ರಿಂಟರ್ ಒಮ್ಮೆ ಗೊರಗುಟ್ಟಿತು. ನಾನು ಆ ಕಡೆ ನೋಡಲಿಲ್ಲ. ನೋಡಿದ್ದರೆ ನನ್ನ ಕಣ್ಣೇ ಹೇಳಿಬಿಡುತ್ತಿತ್ತು.

ಅಧಿಕಾರಿ ಥಟ್ಟನೆ ನಿಂತ.

"ಪೇಪರಲ್ಲಿ ತಪ್ಪೇ ಇಲ್ಲ. ಅಂದ್ರೆ ಯಾರೋ ತಿದ್ದಿದ್ದಾರೆ." ತಿರುಗಿದ. "ತಿದ್ದಿದ ಹಾಳೆ ಕೊಡ್ರೀ ಯಜಮಾನ್ರೇ!"

ಸತ್ತೆ ಎಂದುಕೊಂಡೆ.

ಅಣ್ಣ ಏಳಲೂ ಇಲ್ಲ. ಕಟ್ಟಿನಿಂದ ಒಂದು ಹಾಳೆ ಎಳೆದು ಕೊಟ್ಟರು. ಅಧಿಕಾರಿ ಜೇಬಿನಿಂದ ತನ್ನ ಪಟ್ಟಿ ತೆಗೆದು ತಾಳೆ ನೋಡಿದ.

"ಭಾದಿತ... ನಾಲ್ಕನೇ ಪ್ರತಿ!"

ನಾನು ಮೇಜು ಹಿಡಿದೆ.

"ತಡೀರಿ... ಇಲ್ಲಿ 'ವಿಶೇಶ'. ಅದು ಎರಡನೇದು. 'ಅಧ್ಯಕ್ಶ'... ಐದು. 'ಪರಿಕ್ಷೆ'... ಇದು ಒಂದನೇದಲ್ವಾ? ಏನ್ರೀ ಇದು!"

ಹಾಳೆ ತುಂಬ ಕೆಂಪು. ನಲವತ್ತೊಂದು ತಪ್ಪು!

"ದಿನಾ ಇದೇ ಕರ್ಮ ಸ್ವಾಮಿ" ಅಣ್ಣ ನನ್ನತ್ತ ಪೆನ್ನು ತೋರಿಸಿದರು. "ಈ ಹುಡುಗಿಗೆ ಮಹಾಪ್ರಾಣ ಅಂದ್ರೆ ಪ್ರಾಣಸಂಕಟ. ಕಂಪ್ಯೂಟರಲ್ಲೂ ನೋಡ್ಕೊಳ್ಳಿ, ಹಾಗೇ ಇದೆ."

ನೋಡಿದರು. ಹಾಗೇ ಇತ್ತು.

"ಓದಿದ್ದೀರೇನಮ್ಮ ನೀವು?"

ಭಾಷೆಯಲ್ಲಿ ಚಿನ್ನದ ಪದಕ ನನಗೆ. ತಲೆ ತಗ್ಗಿಸಿದೆ. "ಸ್ಪೆಲ್ಲಿಂಗ್ ಸ್ವಲ್ಪ ವೀಕು ಸರ್."

"ನಿಮಗೆ ಕೆಲಸ ಕೊಟ್ಟವನನ್ನ ಮೊದ್ಲು ಒಳಗೆ ಹಾಕ್ಬೇಕು!" ಪಟ್ಟಿ ಮುದುರಿ ಜೇಬಿಗೆ ತುರುಕಿಕೊಂಡು ಹೊರನಡೆದ.

ಬೂಟಿನ ಸದ್ದು ಮೆಟ್ಟಿಲಿಳಿದ ಮೇಲೆ ಅಣ್ಣ ಕುರ್ಚಿಯಿಂದ ಎದ್ದರು. ಅವರು ಕುಳಿತಿದ್ದ ಜಾಗದಲ್ಲಿ ನಿಜವಾದ ಪ್ರೂಫ್... ಬೆಚ್ಚಗಿತ್ತು. ಒಂದೇ ಒಂದು ಕೆಂಪು ಗೆರೆ.

"ಅವರ ಪಟ್ಟೀಲಿದ್ದ ತಪ್ಪುಗಳು ನಿಮಗೆ ಹೇಗೆ ಗೊತ್ತಾದ್ವು ಅಣ್ಣ?"

"ಬೇಕಂತ ಮಾಡೋದೂ ಅದನ್ನೇ, ಗೊತ್ತಿಲ್ದೆ ಮಾಡೋದೂ ಅದನ್ನೇ. ಮೂವತ್ತು ವರ್ಷ ಬೇರೆ ತಪ್ಪು ನೋಡಿಲ್ಲ ಕಣಮ್ಮ." ಹಾಳೆಯನ್ನು ಚೂರು ಚೂರು ಮಾಡಿದರು.

ಪೊಲೀಸ್ ಇಲಾಖೆಯಲ್ಲಿ ಈಗ ನನಗೆ 'ಹೆಬ್ಬೆಟ್ಟಮ್ಮ' ಅಂತ ಹೆಸರು. ಇರಲಿ... ಲ್ಯಾಬಿನ ಅಕ್ಕ ಮಾತ್ರ ದಿನವೂ ಸಂಜೆ ಐದಕ್ಕೆ ಸಹಿ ಹಾಕಿ ಮನೆಗೆ ಹೋಗುತ್ತಿದ್ದಾರೆ.